ಬೀಗ ಒಡೆಯದ ಆಪಾ

ಆಪಾ ಅವರ ಬಲಗಣ್ಣಿನ ಸುತ್ತ ಬಳೆಯಂಥ ಒಂದು ಕಪ್ಪು ಗುರುತಿತ್ತು. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇರುತ್ತದಲ್ಲ, ಅದು ಮೂವತ್ತು ವರ್ಷ ಒತ್ತಿ ಒತ್ತಿ ಆದ ಗುರುತು. ಹೊಸದಾಗಿ ನೋಡಿದವರು ಯಾರೋ ಹೊಡೆದಿದ್ದಾರೆ ಅಂದುಕೊಳ್ಳುತ್ತಿದ್ದರು. ಒಬ್ಬ ಹೆಂಗಸು ಬಾಯಿಬಿಟ್ಟು ಕೇಳಿಯೇ ಬಿಟ್ಟಳು. ಆಪಾ ತಲೆ ಎತ್ತದೆ, "ಹೊಡಿಯೋಕೆ ಮನೇಲಿ ಗಂಡ ಇರ್ಬೇಕಲ್ಲಮ್ಮಾ. ನಾನು ಮದುವೇನೇ ಆಗ್ಲಿಲ್ಲ, ಬಚಾವಾದೆ" ಎಂದರು.

ಆಪಾ ಅಂದರೆ ಅವರ ಮನೆಮಾತಿನಲ್ಲಿ ಅಕ್ಕ. ಹುಣಸೂರಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ತಂದೆ ವಾಚ್ ರಿಪೇರಿ ಮಾಡುತ್ತಿದ್ದ ಅಂಗಡಿ ಅದು. ವಾಚ್ ಕಟ್ಟುವವರು ಕಮ್ಮಿಯಾದ ಮೇಲೆ ಆಪಾ ಅದೇ ಟೇಬಲ್ಲಿನ ಮೇಲೆ, ಅದೇ ಚಿಮುಟದಲ್ಲಿ ಮೊಬೈಲು ಬಿಚ್ಚಲು ಶುರುಮಾಡಿದರು. ಯಾರೂ ಕಲಿಸಲಿಲ್ಲ. ಕೆಟ್ಟ ಫೋನುಗಳನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ಕಲಿತರು.

ಕೆಲಸ ಮಾಡುವಾಗ ಬೈಯುತ್ತಲೇ ಇರುತ್ತಿದ್ದರು. ಗಿರಾಕಿಗಳನ್ನಲ್ಲ, ಫೋನಿನ ಕಂಪನಿಯನ್ನು. ದುಬಾರಿ ಫೋನು ಮಾಡುವ ಒಂದು ದೊಡ್ಡ ಕಂಪನಿ ಇದೆ. ಅದರ ಗಾಜು ಒಡೆದರೆ, ಅದೇ ಕಂಪನಿಯ ಇನ್ನೊಂದು ಫೋನಿನಿಂದ ತೆಗೆದ ಒಳ್ಳೇ ಗಾಜು ಹಾಕಿದರೂ ಫೋನು ಒಪ್ಪುವುದಿಲ್ಲ. ಇದು ನನ್ನದಲ್ಲ ಅಂತ ಪರದೆ ಮೇಲೆ ಬರೆದು ತೋರಿಸುತ್ತದೆ. ಅದಕ್ಕೆ ಆಪಾ ಒಡೆದ ಗಾಜಿನಲ್ಲಿದ್ದ ಸಾಸಿವೆ ಕಾಳಿನಷ್ಟು ಚಿಪ್ ಒಂದನ್ನು ಬಿಸಿಗಾಳಿಯಲ್ಲಿ ಕಿತ್ತು ಹೊಸ ಗಾಜಿಗೆ ಕೂರಿಸುತ್ತಿದ್ದರು. ಒಂದು ಗಾಜಿಗೆ ಅರ್ಧ ದಿನ.

"ಗಾಜು ಗಿರಾಕೀದು, ಫೋನೂ ಗಿರಾಕೀದು. ಒಪ್ಪಿಗೆ ಮಾತ್ರ ಸಮುದ್ರದಾಚೆ ಕೂತಿರೋನು ಕೊಡ್ಬೇಕಂತೆ! ವಸ್ತು ಯಾರದ್ದೋ ಅವ್ರ ಮಾತು ನಡೀಬೇಕು ಕಣೋ. ಇವನ್ಯಾವನು ಮಧ್ಯದಲ್ಲಿ?" ಇದನ್ನು ನಾನು ನೂರು ಸಲ ಕೇಳಿದ್ದೇನೆ.

ನನಗೂ ಅದೇ ಕಂಪನಿಯ ಫೋನಿನ ಹುಚ್ಚು ಹತ್ತಿತು. ನಾನು ಗಾವಡಗೆರೆ ಕಡೆಯವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಈಗ ಗೂಡ್ಸ್ ಆಟೊ ಓಡಿಸುತ್ತೇನೆ. ಪಿರಿಯಾಪಟ್ಟಣದ ಸಂತೆಯಲ್ಲಿ ಒಬ್ಬ ಅಂಥ ಫೋನು ತೋರಿಸಿದ. ಸೆಕೆಂಡ್ ಹ್ಯಾಂಡು, ಬಿಲ್ಲು ಇಲ್ಲ. ಕೂಡಿಟ್ಟ ದುಡ್ಡೆಲ್ಲ ಕೊಟ್ಟು ತಗೊಂಡೆ. ಯಾರದ್ದು ಅಂತ ಕೇಳಲಿಲ್ಲ. ಕೇಳಬಾರದು ಅನ್ನಿಸಿತ್ತು, ಅದಕ್ಕೇ ಕೇಳಲಿಲ್ಲ.

ತಗೊಂಡ ದಿನದಿಂದ ತಲೆನೋವು. ಗೆಳೆಯರ ಫೋನಿಂದ ಹಾಡು ಬರುವುದಿಲ್ಲ. ರಿಂಗ್‌ಟೋನ್ ಬೇಕಾದ್ದು ಹಾಕಲು ಬಿಡುವುದಿಲ್ಲ. ಏನಾದರೂ ಇಳಿಸಿಕೊಳ್ಳಲು ಹೋದರೆ ಪಾಸ್‌ವರ್ಡ್ ಕೊಡು ಅನ್ನುತ್ತದೆ, ಅದು ಹಳೇ ಓನರ ಪಾಸ್‌ವರ್ಡು. ಜಾಗ ತುಂಬಿದೆ ಅಂತ ಬೇರೆ ಬರುತ್ತಿತ್ತು. ಲೋಡಿನವರು ಕಳಿಸಿದ ಫೋಟೊ ಸೇವ್ ಆಗುತ್ತಿರಲಿಲ್ಲ.

"ಏನ್ಲಾ, ಆನೆ ತಂದು ಮನೆ ಮುಂದೆ ಕಟ್ಕಂಡಿದ್ದೀಯ, ಮಾವುತ ಎಲ್ಲವ್ನೆ?" ಅಂತ ಸ್ಟ್ಯಾಂಡಿನಲ್ಲಿ ಗೆಳೆಯರು ನಗುತ್ತಿದ್ದರು.

ಒಳಗೆ ಆ ಓನರು ತೆಗೆದ ಫೋಟೊಗಳಿದ್ದವು. ಎಲ್ಲವೂ ಒಬ್ಬ ಮುದುಕಿಯವೇ. ಹುಣಸೆಹಣ್ಣು ಬಿಡಿಸುವ ಮುದುಕಿ, ಜಗಲಿಯ ಮೇಲೆ ಮಲಗಿದ ಮುದುಕಿ, ಕರುವಿನ ಬಾಯಿಗೆ ಹುಲ್ಲು ಇಡುವ ಮುದುಕಿ. ಒಂದು ದಿನ ಸಿಟ್ಟು ಬಂದು ಎಲ್ಲ ಅಳಿಸಿದೆ. ಆದರೂ ಫೋನು ನನ್ನ ಮಾತು ಕೇಳಲಿಲ್ಲ. ಕೊನೆಗೆ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೊಟ್ಟು ಪೂರ್ತಿ ಖಾಲಿ ಮಾಡಿಸಿದೆ. ಆನ್ ಮಾಡಿದರೆ, ಈ ಫೋನಿಗೆ ಇದರ ಓನರ ಹೆಸರಲ್ಲಿ ಬೀಗ ಬಿದ್ದಿದೆ, ಅವರ ಪಾಸ್‌ವರ್ಡ್ ಕೊಟ್ಟರೆ ಮಾತ್ರ ತೆರೆಯುತ್ತದೆ ಅಂತ ಬಂತು. ಅಷ್ಟೇ. ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಹೋಗಲ್ಲ.

ಆಪಾ ಹತ್ತಿರ ಹೋದೆ.

"ಆಪಾ, ಇದರ ಬೀಗ ಒಡ್ಕೊಡಿ."

ಅವರು ನೋಡಿದರು, ಕೆಳಗಿಟ್ಟರು. "ಒಡಿಯಲ್ಲ."

"ನಿಮಗೆ ಗೊತ್ತು, ಒಡೀಬೋದು."

"ಗೊತ್ತು. ಒಡಿಯಲ್ಲ."

ನನಗೆ ರೇಗಿತು. "ದಿನಾ ಇದೇ ಕಂಪನಿಗೆ ಬೈತೀರಲ್ಲ ಆಪಾ. ವಸ್ತು ಯಾರದ್ದೋ ಅವ್ರ ಮಾತು ನಡೀಬೇಕು ಅಂತೀರ. ಈಗ ನಂದು ಇದು."

"ನಿಂದಾ? ಎಲ್ಲಿ, ಪಾಸ್‌ವರ್ಡ್ ಹೇಳು." ಅವರು ಫೋನನ್ನು ನನ್ನ ಕಡೆ ತಳ್ಳಿದರು. "ಕಂಪನಿಯೋನು ಗಾಜಿಗೆ ಬೀಗ ಹಾಕಿದ್ರೆ ಕಿತ್ತು ಬಿಸಾಕ್ತೀನಿ. ಇದು ಯಾರೋ ಮನೆ ಬೀಗ ಬೇಟಾ. ಒಳಗೆ ಏನಿತ್ತು?"

"ಏನಿಲ್ಲ. ಒಂದು ಮುದುಕಿ ಫೋಟೊ. ಅಳಿಸ್ಬುಟ್ಟೆ."

ಆಪಾ ಕಣ್ಣಿನ ಭೂತಗನ್ನಡಿ ತೆಗೆದರು. "ಎಷ್ಟು ಫೋಟೊ?"

"ರಾಶಿ ಇದ್ವು. ಬರೀ ಅವ್ಳೇ."

"ಮುದುಕಿ ಫೋಟೊ ಅಷ್ಟೊಂದು ಯಾರು ತೆಗೀತಾರೆ? ಮದುವೆ ಅಲ್ಲ, ಹಬ್ಬ ಅಲ್ಲ. ಇವ್ರು ಹೋಗಿಬಿಡ್ತಾರೆ ಅಂತ ಗೊತ್ತಿರೋರು ತೆಗೀತಾರೆ ಕಣೋ."

ಅವರು ಫೋನನ್ನು ಮತ್ತೆ ಕೈಗೆ ತಗೊಂಡರು.

"ಯಾವತ್ತು ಅಳಿಸಿದ್ದು?"

ತಾರೀಖು ಯಾರಿಗೆ ನೆನಪಿರುತ್ತದೆ? ಕೋಟೆ ಟೌನಿಗೆ ಶುಂಠಿ ಲೋಡು ಹಾಕಿದ ದಿನ ಅನ್ನುವುದು ನೆನಪಿತ್ತು. ಲೋಡಿನ ಚೀಟಿ ಗಾಡಿಯಲ್ಲೇ ಇತ್ತು, ತಂದು ಕೊಟ್ಟೆ. ಆಪಾ ಬೆರಳಿನ ಗೆಣ್ಣು ಎಣಿಸಿದರು.

"ಈ ಫೋನಲ್ಲಿ ಅಳಿಸಿದ ಫೋಟೊ ಮೂವತ್ತು ದಿನ ಅವ್ರ ಅಕೌಂಟಲ್ಲಿ ಒಂದು ಮೂಲೇಲಿ ಬಿದ್ದಿರ್ತವೆ. ಆಮೇಲೆ ಯಾರು ಅತ್ರೂ ಬರಲ್ಲ. ಇವತ್ತು ಇಪ್ಪತ್ತೆಂಟು." ನನ್ನ ಮುಖ ನೋಡಿದರು. "ಫೋಟೊದಲ್ಲಿ ಊರು ಏನಾದ್ರೂ ಕಾಣಿಸ್ತಿತ್ತಾ? ಯೋಚನೆ ಮಾಡು."

ಮಾಡಿದೆ. ಜಗಲಿಯ ಹಿಂದೆ ಒಂದು ಟೈಲರ್ ಅಂಗಡಿ ಬೋರ್ಡಿತ್ತು. ಹಸಿರು ಬಣ್ಣ. ಕೆಳಗೆ ಭೇರ್ಯ ಅಂತ ಬರೆದಿತ್ತು.

ಶುಕ್ರವಾರ ಬಿಟ್ಟರೆ ಆಪಾ ಯಾವತ್ತೂ ಅಂಗಡಿ ಮುಚ್ಚಿದವರಲ್ಲ. ಅವತ್ತು ಬುಧವಾರ. ಶಟರ್ ಎಳೆದು, ಬುರ್ಖಾ ಸರಿಮಾಡಿಕೊಂಡು ನನ್ನ ಆಟೊದ ಮುಂದಿನ ಸೀಟಿನಲ್ಲಿ ಬಂದು ಕೂತರು. ಕೆ.ಆರ್.ನಗರ ದಾಟುವವರೆಗೂ ನಾನು ಗೊಣಗಿದೆ. ಪೊಲೀಸಿಗೆ ಹಿಡಿದುಕೊಟ್ಟರೆ ಏನು ಗತಿ ಅಂದೆ. "ನಾನು ಇರ್ತೀನಲ್ಲ. ಗಾಡಿ ನೋಡಿ ಓಡ್ಸು, ಹಳ್ಳ ಬಿಡ್ತಾನೇ ಇಲ್ಲ ನೀನು" ಅಂದರು.

ಹಸಿರು ಬೋರ್ಡು ಸಿಕ್ಕಿತು. ಮಷೀನು ತುಳಿಯುತ್ತಿದ್ದ ಹೆಂಗಸಿಗೆ ನಲವತ್ತರ ಆಸುಪಾಸು. ಫೋನು ನೋಡಿದ ಕೂಡಲೇ ಎದ್ದು ನಿಂತರು.

"ಅಯ್ಯೋ, ಇದು ನಂದು! ಬಸ್ಸಲ್ಲಿ ಹೊಂಟೋಗಿತ್ತು. ನಮ್ಮ ತಮ್ಮ ಕೊಟ್ಟಿದ್ದ."

ಆಪಾ ಒಂದು ಮಾತೂ ಮುಚ್ಚಿಡಲಿಲ್ಲ. "ಈ ಹುಡುಗ ಸಂತೇಲಿ ಕೊಂಡವ್ನೆ, ಕದ್ದಿಲ್ಲ. ಫೋಟೊ ಅಳಿಸಿರೋದು ಮಾತ್ರ ಇವನೇ. ಅವು ವಾಪಸ್ ಬರ್ತಾವೆ, ಇವತ್ತೇ ತೆಗೀಬೇಕು. ಪಾಸ್‌ವರ್ಡ್ ಎಲ್ಲಿ ಬರೆದಿಟ್ಟಿದ್ದೀರಮ್ಮಾ?"

ಆ ಅಕ್ಕ ಆಪಾ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದರು.

"ಯಾಕಪ್ಪಾ, ನಮ್ಮವ್ವ ನಿಂಗೇನ್ ಮಾಡಿದ್ಲು?"

"ಫೋನಲ್ಲಿ ಜಾಗ ಇರ್ಲಿಲ್ಲ ಅಕ್ಕ" ಅಂದೆ. ಅದು ನಿಜ. ಆದರೆ ಬಾಯಿಂದ ಬಂದ ಮೇಲೆ ಕೇಳಲು ಎಷ್ಟು ಕೆಟ್ಟದಾಗಿತ್ತು ಅಂದರೆ, ತಲೆ ತಗ್ಗಿಸಿದವನು ಎತ್ತಲಿಲ್ಲ. ಅವರ ಅವ್ವ ತೀರಿಕೊಂಡು ವರ್ಷ ಆಗಿತ್ತು. ಬೇರೆ ಒಂದು ಫೋಟೊನೂ ಮನೆಯಲ್ಲಿ ಇರಲಿಲ್ಲ.

ಪಾಸ್‌ವರ್ಡು ಗುಂಡಿ ಡಬ್ಬದ ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಲ್ಲಿತ್ತು, ತಮ್ಮನ ಅಕ್ಷರ. ಒಂದು ಸಲ ಹೊಡೆದರು, ತಪ್ಪು ಅಂತ ಬಂತು. ಎರಡನೇ ಸಲವೂ ತಪ್ಪು. ಆಪಾ ಚೀಟಿಯನ್ನು ಬಿಸಿಲಿಗೆ ಹಿಡಿದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. "ಇದು ಸೊನ್ನೆ ಅಲ್ಲ, ಓ" ಅಂದರು. ಮೂರನೇ ಸಲ ಸರಿಯಾಯಿತು, ಆ ಅಕ್ಕನ ಗುಂಡಿ ಫೋನಿಗೆ ಓಟಿಪಿ ನಂಬರು ಬಂತು. ಹಾಕಿದರು. ಬೀಗ ಬಿಚ್ಚಿತು.

ಫೋಟೊಗಳು ಬಹಳ ನಿಧಾನಕ್ಕೆ ಬಂದವು. ಮೊದಲು ಮಸುಕು, ಆಮೇಲೆ ಮುಖ. ಒಂದೊಂದರ ಕೆಳಗೂ ಎಷ್ಟು ದಿನ ಬಾಕಿ ಅಂತ ಬರೆದಿತ್ತು. ಎಲ್ಲದರಲ್ಲೂ ಎರಡು. ಆಪಾ ಎಲ್ಲವನ್ನೂ ಆರಿಸಿ, ಫೋನನ್ನು ಆ ಅಕ್ಕನ ಕೈಗೆ ಕೊಟ್ಟು, "ಇಲ್ಲಿ ನೀವೇ ಒತ್ತಿ" ಅಂದರು. ಅವರು ಒತ್ತಿದರು. ಕರುವಿಗೆ ಹುಲ್ಲು ಇಡುವ ಅವ್ವನನ್ನು ದೊಡ್ಡದು ಮಾಡಿ ನೋಡುತ್ತಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಆಮೇಲೆ ಎದ್ದು ಹೋಗಿ ಮೂರು ಲೋಟ ಟೀ ತಂದರು. ಮೊದಲ ಲೋಟ ನನಗೆ ಕೊಟ್ಟರು.

ವಾಪಸ್ ಬರುವಾಗ ನನ್ನ ಜೇಬು ಖಾಲಿ. "ನಂಗೇನ್ ಸಿಕ್ತು ಆಪಾ?" ಅಂದೆ.

"ಟೀ ಸಿಕ್ತಲ್ಲ. ನಾನಾಗಿದ್ರೆ ನಿಂಗೆ ಪೊರಕೇಲಿ ಕೊಡ್ತಿದ್ದೆ."

ಅಂಗಡಿಗೆ ಬಂದ ಮೇಲೆ ಡ್ರಾಯರಿನಿಂದ ಮೂಲೆ ಒಡೆದ ಒಂದು ಹಳೇ ಫೋನು ತೆಗೆದು ಕೈಯಲ್ಲಿಟ್ಟರು. "ಇದ್ರಲ್ಲಿ ಏನ್ ಬೇಕಾದ್ರೂ ಹಾಕ್ಕೋ. ಯಾರೂ ಕೇಳಲ್ಲ."

ಹೋದ ವರ್ಷ ಆಪಾ ತೀರಿಕೊಂಡರು. ಎದೆನೋವು ಅಂದರಂತೆ, ಮೈಸೂರು ಮುಟ್ಟಲಿಲ್ಲ. ಆ ಹೊತ್ತಿಗೆ ನಾನು ಕೋಟೆಯಲ್ಲಿ ಶುಂಠಿ ಇಳಿಸುತ್ತಿದ್ದೆ. ಓಡಿ ಬರುವಷ್ಟರಲ್ಲಿ ಮಣ್ಣಾಗಿತ್ತು. ಗೋರಿ ಹತ್ತಿರ ನಿಂತು ಏನು ಹೇಳಬೇಕು ಅಂತ ತಿಳಿಯಲಿಲ್ಲ.

ಈಗ ತಿಳಿದಿದೆ. ಅವತ್ತು ನಾನು ಕೇಳಿದ್ದನ್ನು ಅವರು ಮಾಡಿಕೊಟ್ಟಿದ್ದರೆ ಫೋನು ನನ್ನದಾಗುತ್ತಿತ್ತು. ಎರಡು ದಿನ ಕಳೆದು ಆ ಅವ್ವ ಎಲ್ಲೂ ಇರುತ್ತಿರಲಿಲ್ಲ. ಹೋದದ್ದು ನನಗೆ ಗೊತ್ತೂ ಆಗುತ್ತಿರಲಿಲ್ಲ, ನಾನು ಹಾಡು ಕೇಳಿಕೊಂಡು ಗಾಡಿ ಓಡಿಸುತ್ತಿದ್ದೆ. ನಾನು ಮಾಡಿದ್ದು ಏನು ಅಂತ ನನಗೆ ತೋರಿಸಿದವರು ಆಪಾ. ಅದನ್ನು ಸರಿಮಾಡಲು ಇನ್ನೂ ಆಗುತ್ತಿದ್ದ ದಿನವೇ ತೋರಿಸಿದರು.