ಅಕ್ಕ ಕುಡಿದ ಬಟ್ಟಲು

ಮಕ್ಕಳೇ, ನಾನು ಚಿಕ್ಕವನಿದ್ದಾಗ ನನಗೆ ಹೇಸಿಗೆ ಬಹಳ. ಹಾಲಿನ ಕೆನೆ ಕಂಡರೂ ಓಕರಿಕೆ ಬರುತ್ತಿತ್ತು. ಆದರೆ ಒಂದು ರವಿವಾರ ಪಟ್ಟಷ್ಟು ಹೇಸಿಗೆ ಮತ್ತೆಂದೂ ಪಟ್ಟಿಲ್ಲ.

ಸವದತ್ತಿಯಲ್ಲಿ ನಮ್ಮ ಕ್ರೈಸ್ತರ ದೇವಾಲಯವೆಂದರೆ ತಗಡಿನ ಸೂರಿನ ಒಂದು ಕೋಣೆ. ಅಂದು ಹದಿನೈದು ವರ್ಷದ ಅಕ್ಕ ಮೊದಲ ಸಲ ಪ್ರಭು ಭೋಜನ ತೆಗೆದುಕೊಳ್ಳುವವಳಿದ್ದಳು. ಯೇಸುವಿನ ನೆನಪಿಗೆ ರೊಟ್ಟಿಯ ಚೂರು ತಿಂದು, ಎಲ್ಲರೂ ಒಂದೇ ಬಟ್ಟಲಿನಿಂದ ದ್ರಾಕ್ಷಿರಸ ಕುಡಿಯುವುದು ಆಗಿನ ಪದ್ಧತಿ. ಒಣದ್ರಾಕ್ಷಿ ನೆನೆಸಿ, ಕಿವುಚಿ ರಸ ಮಾಡಿದವಳು ಅವ್ವ. ಅಪ್ಪ ಸಭೆಯ ಹಿರಿಯ. ದೇವರು ಮನುಷ್ಯರನ್ನು ಎಷ್ಟೊಂದು ಪ್ರೀತಿಸಿ ತನ್ನ ಮಗನನ್ನೇ ಕೊಟ್ಟ ಎಂಬ ಬೈಬಲಿನ ಭಾಗವನ್ನು ಅವನೇ ಎತ್ತರದ ದನಿಯಲ್ಲಿ ಓದಿದ.

ಆಗ ಉಗರಗೋಳದಿಂದ ಬಂದಿದ್ದ ಮುದುಕಿಯೊಬ್ಬಳು ಮುಂದೆ ಹೋಗಿ ಅಕ್ಕನ ಪಕ್ಕ ಮೊಣಕಾಲೂರಿದಳು. ಕುಷ್ಠರೋಗ ಅವಳ ಬೆರಳುಗಳನ್ನು ತಿಂದಿತ್ತು. ಕೆಳತುಟಿ ಜೋತುಬಿದ್ದಿತ್ತು. ರೋಗ ಔಷಧದಿಂದ ವಾಸಿಯಾಗಿದೆ, ಯಾರಿಗೂ ಅಂಟುವುದಿಲ್ಲ ಎಂದು ಪಾದ್ರಿಗಳು ಮೊದಲೇ ತಿಳಿಸಿದ್ದರು. ಆದರೂ ಅವಳ ಕಾಲಿನ ಹುಣ್ಣಿನ ಪಟ್ಟಿಯಿಂದ ಕೊಳೆತ ವಾಸನೆ ಬರುತ್ತಿತ್ತು. ನಾನು ಅವ್ವನ ಸೆರಗಿನಲ್ಲಿ ಮೂಗು ಹುದುಗಿಸಿದೆ.

ಮುದುಕಿ ಕುಡಿದಳು. ಜೊಲ್ಲು ಬಟ್ಟಲಿನ ಅಂಚಿಗೆ ಎಳೆಎಳೆಯಾಗಿ ಅಂಟಿತು. ಪಾದ್ರಿಗಳು ಬಿಳಿ ಬಟ್ಟೆಯಿಂದ ಒರೆಸಿದರು. ಒರೆಸಿದ ಜಾಗದಲ್ಲೇ ನೊಣ ಬಂದು ಕುಳಿತಿತು. ಸಾಲಿನಲ್ಲಿ ಮೊಣಕಾಲೂರಿದ್ದವರು ಒಬ್ಬೊಬ್ಬರಾಗಿ ಎದ್ದು ಹಿಂದೆ ಸರಿದರು. ಅಪ್ಪನೂ ಎದ್ದ. ಉಳಿದವಳು ಅಕ್ಕ ಒಬ್ಬಳೇ. ಅವಳು ಕುಡಿದಳು.

ಮನೆಗೆ ಬಂದ ಮೇಲೆ ಅಕ್ಕ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ದಿನಾ ನಾವಿಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ಅಂದು ಅವಳು ಅರ್ಧ ರೊಟ್ಟಿ ತಿಂದರೂ ನಾನು ಕೈ ಹಾಕದೆ ತಾಟು ದೂಡಿದೆ.

“ನೀ ಮುಟ್ಟಿದ್ದು ನಾ ಉಣ್ಣಂಗಿಲ್ಲ. ಹೊಲಸ ಅದೀ ನೀ!”

ಅಕ್ಕನ ಕಣ್ಣು ತುಂಬಿತು. “ನನಗೂ ಹೇಸಿಗಿ ಬಂತೋ ತಮ್ಮಾ. ಆದ್ರ ಎಲ್ಲಾರೂ ಎದ್ದು ಹೋದಾಗ ಆಕಿ ನನ್ನ ಮಾರಿನ ನೋಡಾಕತ್ತಿದ್ಲು. ನಾ ಹೆಂಗ ಏಳ್ಲಿ?”

ನಾನು ದೂಡಿದ ತಾಟನ್ನು ಅಪ್ಪ ತನ್ನ ಮುಂದಕ್ಕೆ ಎಳೆದುಕೊಂಡ. ಆಮೇಲೆ, “ದೇವರ ಪ್ರೀತಿ ನಾ ಬರೇ ಓದಿದೆ. ಈಕಿ ಮಾಡಿ ತೋರ್ಸಿದ್ಲು,” ಎಂದ. ಅಕ್ಕ ಅರ್ಧ ತಿಂದಿಟ್ಟ ರೊಟ್ಟಿಯನ್ನು ತೆಗೆದುಕೊಂಡು ತಿಂದ.

ಮರುತಿಂಗಳು ಅಪ್ಪ ಆ ಮುದುಕಿಯ ಪಕ್ಕದಲ್ಲೇ ಮೊಣಕಾಲೂರಿ, ಅವಳ ನಂತರ ಕುಡಿದ. ನಾನು ಮಾತ್ರ ಎಷ್ಟೋ ದಿನ ಅಕ್ಕನ ತಾಟಿಗೆ ಕೈ ಹಾಕಲಿಲ್ಲ. ಅವಳು ಒಬ್ಬಳೇ ಕುಳಿತು ಉಣ್ಣುತ್ತಿದ್ದದ್ದು ನೆನಪಾದರೆ ಈಗ ನನ್ನ ಮೇಲೆಯೇ ಹೇಸಿಗೆ ಬರುತ್ತದೆ.

ನಿಮ್ಮ ಕಾಲದಲ್ಲಿ ದೇವಾಲಯದೊಳಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಪುಟ್ಟ ಲೋಟ, ಬಾಗಿಲಲ್ಲಿ ಸ್ಯಾನಿಟೈಸರ್. ಒಳ್ಳೆಯದೇ. ಆದರೆ ಹೋದ ವಾರ ಗಟಾರ ತೆಗೆಯುವವನು ಕೆಲಸದ ಅಂಗಿಯಲ್ಲೇ ಬಂದು ನಿಮ್ಮ ಬೆಂಚಿನಲ್ಲಿ ಕುಳಿತಾಗ ನೀವಿಬ್ಬರೂ ಆಚೆ ತುದಿಗೆ ಸರಿದದ್ದನ್ನು ನೋಡಿದೆ. ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ. ಹೇಸಿಗೆ ಬಂದರೆ ಬರಲಿ, ಮಕ್ಕಳೇ. ಕುಳಿತಲ್ಲೇ ಕುಳಿತಿರಿ.