ಹೊಳೆ ಬಂದಾಗ ಏನೆಂದು ಕೂಗಬೇಕು?

"ಎಲ್ಲಿ ಅದಿ ಬೇ ಚಿಗವ್ವ?"

"ಹೊಳಿ ದಂಡಿಗೆ ಅದೇನಿ. ಉಡಿ ತುಂಬಾಕತ್ತೇವಿ. ಆಮ್ಯಾಲ ಮಾಡ್ತೇನಿ, ಇಡು."

ಫೋನ್ ಕಟ್.

ಇಳಕಲ್ಲಿನ ಮನೆಯಲ್ಲಿ ನಾನು ಮೊಬೈಲ್ ಹಿಡಿದು ನಿಂತೇ ಇದ್ದೆ. ಮೇಲಿನಿಂದ ನೀರು ಬಿಟ್ಟಿದ್ದಾರೆ, ಮಲಪ್ರಭೆ ಏರುತ್ತಿದೆ, ದಂಡೆಯ ಊರುಗಳಲ್ಲಿ ಮೈಕಿನಲ್ಲಿ ಕೂಗಿಸುತ್ತಿದ್ದಾರೆ. ಚಿಗವ್ವ, ಅಂದರೆ ನನ್ನ ಚಿಕ್ಕಮ್ಮ, ಇರುವುದು ಅಂಥದೇ ಒಂದು ಊರಿನಲ್ಲಿ; ಆ ಕೂಗು ಕೇಳಿ ಆಕೆ ಗುಡ್ಡದ ಮೇಲಿನ ಶಾಲೆಗೆ ಹೋಗಬೇಕಿತ್ತು. ಆಕೆ ಹಸಿರು ಖಣ, ತೆಂಗಿನಕಾಯಿ ಹಿಡಿದು ನೀರಿನ ಕಡೆಗೇ ಹೋಗಿದ್ದಳು! ಅದೂ ಒಬ್ಬಳೇ ಅಲ್ಲ, ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು.

ತಪ್ಪು ಯಾರದು? ನನ್ನದೇ. (ಹೇಳಲು ನಾಚಿಕೆ. ಆದರೆ ಅಂಕಣಕ್ಕೆ ವಿಷಯ ಬೇಕಲ್ಲ?)

ಹಿಂದಿನ ವಾರ ಹುನಗುಂದದಲ್ಲಿ ಒಂದು ಮೀಟಿಂಗ್ ಇತ್ತು. ಪ್ರವಾಹದ ಹೊತ್ತಿನಲ್ಲಿ ಒಂದು ಇಲಾಖೆ 'ಮುನ್ನೆಚ್ಚರಿಕೆ' ಎಂದರೆ ಇನ್ನೊಂದು 'ಕಟ್ಟೆಚ್ಚರ' ಎನ್ನುತ್ತದೆ, ಮೂರನೆಯದು 'ಆರೆಂಜ್ ಅಲರ್ಟ್' ಎನ್ನುತ್ತದೆ. ಜನ ಯಾವುದಕ್ಕೆ ಎದ್ದು ಓಡಬೇಕು? ಎಲ್ಲರೂ ಒಂದೇ ಮಾತು ಬಳಸೋಣ, ಅದಕ್ಕೊಂದು ಪದಕೋಶ ಮಾಡೋಣ ಎಂದು ಸಭೆ. ಕನ್ನಡ ಲೆಕ್ಚರರ್ ಎಂಬ ಕಾರಣಕ್ಕೆ ನನಗೂ ಕರೆ. ಚಹಾ, ಚೂಡಾ, ಪ್ರೊಜೆಕ್ಟರ್ ಎಲ್ಲ ಇದ್ದವು. ಹೊಳೆದಂಡೆಯವರು ಮಾತ್ರ ಒಬ್ಬರೂ ಇರಲಿಲ್ಲ.

ಪರದೆಯ ಮೇಲೆ ಮೊದಲ ಕರಡು ಮೂಡಿತು: "ನದಿಪಾತ್ರದ ಜನತೆ ಪ್ರವಾಹ ಸನ್ನಿವೇಶ ಎದುರಿಸಲು ಸನ್ನದ್ಧರಾಗಿರತಕ್ಕದ್ದು." ನನಗೆ ಸಿಟ್ಟು ನೆತ್ತಿಗೇರಿತು.

"ಇದನ್ನ ಕೂಗಿ ಮುಗಸೂದರಾಗ ನೀರು ಅಡಗಿಮನಿಗೆ ಬಂದಿರ್ತೈತ್ರಿ ಸರ್" ಎಂದೆ. "ಜನ ಆಡೂ ಮಾತು ಹಾಕ್ರಿ. 'ಹೊಳಿ ತುಂಬಿ ಬರಾಕತ್ತೈತಿ' ಅನ್ರಿ, ಸಾಕು."

ಚಪ್ಪಾಳೆ ಬಿತ್ತು, ಅದೇ ಮಾತು ಪಾಸಾಯಿತು. ಮನೆಗೆ ಬರುವ ಬಸ್ಸಿನಲ್ಲಿ ನಾನು ಸೀಟಿಗಿಂತ ಒಂದು ಗೇಣು ಮೇಲೆ ಕೂತಿದ್ದೆ.

ಒಂದನ್ನು ಮರೆತಿದ್ದೆ. ಹೊಳೆ ತುಂಬಿ ಬಂತೆಂದರೆ ನಮ್ಮ ಹೆಂಗಸರು ಓಡಿಹೋಗುವುದಿಲ್ಲ, ಎದುರುಗೊಳ್ಳಲು ಹೋಗುತ್ತಾರೆ. ಹೊಳೆ ಎಂದರೆ ಗಂಗವ್ವ, ಅವರ ಪಾಲಿಗೆ ತವರಿಗೆ ಬಂದ ಮಗಳು. ಅರಿಷಿಣ, ಕುಂಕುಮ, ಖಣ, ಕಾಯಿ ಕೊಟ್ಟು ಉಡಿ ತುಂಬದೆ ಮಗಳನ್ನು ಕಳಿಸುವುದುಂಟೇ? ಮೈಕಿನಲ್ಲಿ ಸುದ್ದಿ ಬಂದದ್ದೇ ತಡ, ತಲೆ ಬಾಚಿಕೊಂಡು ಹೊರಟೇಬಿಟ್ಟಿದ್ದಾರೆ.

ಮತ್ತೆ ಫೋನ್ ಮಾಡಿದೆ. ಚಿಗವ್ವ ಎತ್ತಲಿಲ್ಲ. ಆ ಊರಿನ ಇಮಾಮಸಾಬನಿಗೆ ಮಾಡಿದೆ. ಮದುವೆಗೂ ಉರುಸಿಗೂ ಮೈಕ್ ಸೆಟ್ ಹಚ್ಚುವ ಮನುಷ್ಯ, ಅವತ್ತು ಕೂಗುತ್ತಿದ್ದವನೂ ಅವನೇ.

"ಅಣ್ಣಾ, ಹೆಂಗಸರು ಹೊಳಿಗೆ ಹೋಗ್ಯಾರ! ನೀರು ಈಗ ಓಣಿಗೇ ಬರ್ತೈತಂತ ಗ್ರೂಪಿನ್ಯಾಗ ಮೆಸೇಜ್ ಬಂದೈತಿ!"

"ಓಣಿಗೆ? ಅಯ್ಯಯ್ಯ, ನಮ್ಮ ಎಮ್ಮಿ ದಂಡಿಗೇ ಕಟ್ಟೇವಲ್ಲ!"

ಅಷ್ಟೇ. ನನ್ನನ್ನೂ ಮರೆತ, ಹೆಂಗಸರನ್ನೂ ಮರೆತ. ಮನೆಯ ಕಡೆ ತಿರುಗಿ ತಮ್ಮನಿಗೆ ಒದರಿದ: "ಏ ರಫೀಕ, ದನ ಬಿಚ್ಚಲೇ! ದನ ಬಿಚ್ಚು!"

ಪುಣ್ಯಾತ್ಮ ಮೈಕ್ ಬಂದ್ ಮಾಡಿರಲಿಲ್ಲ. ಇಡೀ ಊರಿಗೆ ಕೇಳಿತು.

ಮೇಯಿಸಲು ದಿನಾ ದನ ಬಿಚ್ಚುತ್ತಾರೆ, ಅದು ಬೇರೆ. ಓಣಿಗೆಲ್ಲ ಕೇಳುವಂತೆ 'ದನ ಬಿಚ್ಚು' ಎಂದು ಒದರುವುದು ನೀರು ಹಿತ್ತಲಿಗೆ ಬಂದಾಗ ಮಾತ್ರ. ಹೊಳೆದಂಡೆಯವರು ಅದನ್ನು ತಮಾಷೆಗೂ ಕೂಗುವುದಿಲ್ಲ. ಹೆಂಗಸರು ಖಣ, ಕಾಯಿ ಅಲ್ಲೇ ಬಿಟ್ಟು, ಸೀರೆ ಎತ್ತಿ ಕಟ್ಟಿ ಓಡಿದರಂತೆ.

ಚಿಗವ್ವನ ಫೋನ್ ಬರುವವರೆಗೆ ನಾನು ಮೊಬೈಲ್ ಕೆಳಗಿಡಲಿಲ್ಲ.

"ಗುಡ್ಡದ ಸಾಲಿಗೆ ಬಂದೇವಿ. ಎಮ್ಮಿನೂ ಬಂದೈತಿ. ನಾವು ನಿಂತಿದ್ದ ಜಾಗಾ ಈಗ ಕಾಣವಲ್ದು ನೋಡ ಯವ್ವಾ" ಎಂದಳು. ನನಗೆ ಅಳು ಬಂತು. ಅಷ್ಟರಲ್ಲಿ ಆಕೆಯ ಧ್ವನಿ ಏರಿತು. "ಅಲ್ಲಾ, ಹೊಳಿ ತುಂಬಿ ಬಂದೈತಿ ಅಂತ ಕೂಗ್ರಿ ಅಂದ ಶಾಣ್ಯಾ ಯಾರು?"

"ಯಾರೋ ಆಫೀಸಿನವರು ಬೇ" ಎಂದೆ. (ಚಿಗವ್ವ ಪೇಪರ್ ಓದುವುದಿಲ್ಲ. ನೀವು ದಯವಿಟ್ಟು ಹೇಳಬೇಡಿ.)

ಹೊಳೆ ಏನು ಮಾಡುತ್ತಿದೆ ಎಂದು ಹೇಳಿದರೆ ಜನ ನೋಡಲು ಬರುತ್ತಾರೆ. ತಾವೇನು ಮಾಡಬೇಕು ಎಂದು ಹೇಳಿದರೆ ಮಾಡುತ್ತಾರೆ. ಎಲ್ಲ ಇಲಾಖೆಗಳಿಗೂ ಒಂದೇ ಮಾತು ಬೇಕು, ಖರೆ. ಆದರೆ ಆ ಮಾತು ಕೇಳಿದರೆ ಕಾಲು ಓಡಬೇಕಲ್ಲ? ಇಷ್ಟು ಸಣ್ಣ ಸಂಗತಿ ಹೊಳೆಯಲು ನನಗೆ ಒಂದು ಎಮ್ಮೆ ಬೇಕಾಯಿತು.

ಮೊನ್ನೆ ಮತ್ತೆ ಸಭೆ. ನಡೆದದ್ದನ್ನೆಲ್ಲ ಹೇಳಿದೆ. ಎಲ್ಲರೂ ಹೊಟ್ಟೆ ತುಂಬ ನಕ್ಕರು. ದಂಡೆಯ ಊರುಗಳಿಗೆಲ್ಲ 'ದನ ಬಿಚ್ಚರಿ' ಎಂದೇ ಕೂಗಿಸಬೇಕೆಂದು ಸರ್ವಾನುಮತದಿಂದ ಪಾಸಾಯಿತು. ನಿನ್ನೆ ವಾಟ್ಸಾಪಿನಲ್ಲಿ ಸಭೆಯ ನಡಾವಳಿ ಬಂತು. ಅದರಲ್ಲಿ ಹೀಗಿದೆ: "ಪ್ರವಾಹ ಸಂದರ್ಭದಲ್ಲಿ ಜಾನುವಾರುಗಳನ್ನು ಬಂಧಮುಕ್ತಗೊಳಿಸತಕ್ಕದ್ದು."

ಮುಂದಿನ ಸಲ ಚಿಗವ್ವನ ಬಾಗಿಲಿಗೆ ಮೊದಲು ಬರುವುದು ಹೊಳೆಯ ನೀರೋ, ಈ ವಾಕ್ಯದ ಅರ್ಥವೋ?