ನೀಲಕ್ಕ ಟೀಚರ ಅಂಗೈ ಮೇಲಿನ ನೊಣ

ನೀಲಕ್ಕ ಟೀಚರ ಎಡಗೈ ಅಲುಗುತ್ತಿರಲಿಲ್ಲ. ಪವರ್‌ಲೂಮುಗಳ ಸದ್ದಿಗೆ ಬನಹಟ್ಟಿಯ ನಮ್ಮ ಓಣಿಯ ಕಿಟಕಿಗಳೆಲ್ಲ ಗಡಗಡ ಎನ್ನುವಾಗಲೂ ಹಿತ್ತಲ ಕಟ್ಟೆಯ ಮೇಲೆ ಕೂತ ಅವರ ಅಂಗೈ ಚಾಚಿದಲ್ಲೇ ಇರುತ್ತಿತ್ತು. ದಿನವೂ ಲಿಂಗವಿಟ್ಟುಕೊಂಡು, ರೆಪ್ಪೆ ಹೊಡೆಯದೆ ನೋಡಿ ಪೂಜೆ ಮಾಡಿದ ಕೈ ಅದು. ಪೂಜೆ ಮುಗಿದ ಮೇಲೆ ಅದೇ ಕೈಯನ್ನು ಅವರು ನೊಣಗಳಿಗೆ ಚಾಚುತ್ತಿದ್ದರು.

ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರಿಗೆ ನೊಣದ ಹುಚ್ಚು ಹೇಗೆ ಹತ್ತಿತೋ, ನಾನು ಪಕ್ಕದ ಮನೆಗೆ ಬಾಡಿಗೆಗೆ ಬರುವಷ್ಟರಲ್ಲಿ ಅದು ವಾಸಿಯಾಗುವ ಹಂತ ದಾಟಿತ್ತು. ಮೊದಲ ದಿನವೇ ನನ್ನ ಮಾನ ಹೋಯಿತು. ಅವರ ಸಬ್ಬಸಿಗೆ ಹೂವಿನ ಮೇಲೆ ಹಳದಿ ಕಪ್ಪು ಪಟ್ಟೆಯದೊಂದನ್ನು ಕಂಡು, ಜೇನೆಂದು ಒಳಗೆ ಓಡಿದೆ. ಅವರು ಕರೆದು ನಿಲ್ಲಿಸಿದರು.

“ಜೇನಿಗೆ ನಾಕ ರೆಕ್ಕಿ, ನೊಣಕ್ಕ ಎರಡ. ಮೊದಲ ಎಣಸ್ರಿ, ಆಮ್ಯಾಲ ಓಡ್ರಿ.”

ಎಣಿಸಲು ನಿಂತೆ. ಅದು ಹೂವಿನ ಮುಂದೆ ಗಾಳಿಯಲ್ಲಿ ನೆಟ್ಟಂತೆ ನಿಂತಿತ್ತು, ರೆಕ್ಕೆ ಇದ್ದಲ್ಲಿ ಬರೀ ಮಂಜು. ಕೂತಾಗ ನೋಡಿದರೆ ಎರಡೇ. ಅಲ್ಲಿಯವರೆಗೆ ನೊಣವೆಂದರೆ ಚಹಾದಲ್ಲಿ ಬೀಳುವುದು ಎಂದಷ್ಟೇ ತಿಳಿದಿದ್ದೆ.

ಆಮೇಲೆ ನನ್ನ ರವಿವಾರಗಳೆಲ್ಲ ಅವರ ಹಿತ್ತಲಿನವಾದವು. ನಾನು ಮೊಬೈಲಿನಲ್ಲಿ ಫೋಟೊ ತೆಗೆದು ಹೆಸರು ಹುಡುಕುತ್ತಿದ್ದೆ. ಅವರಿಗೆ ಆ ಲ್ಯಾಟಿನ್ ಹೆಸರೂ ಬೇಕು, ತಾವಿಟ್ಟದ್ದೂ ಬೇಕು. ಕರಿಬೇವಿನ ಎಲೆಯ ಮೇಲೆ ಹಸಿರಾಗಿ ಹೊಳೆಯುವುದು ‘ಜರತಾರಿ’. ಹಾರುವ ಹುಳವನ್ನು ಗಾಳಿಯಲ್ಲೇ ಹಿಡಿಯುವ ಮೀಸೆಯದು ‘ಫೌಜದಾರ’. ಪೂಜೆಗೆ ಹೂ ಕೀಳಲು ಬಂದವರು ಅರ್ಧ ಗಿಡ ನೊಣಗಳಿಗೆ ಬಿಡಬೇಕೆಂದು ಕಟ್ಟಪ್ಪಣೆ. ಜನ ಹಿಂದಿನಿಂದ ನಗುತ್ತಿದ್ದರು. ಎದುರಿಗೆ ನಗುವ ಧೈರ್ಯ ಯಾರಿಗೂ ಇರಲಿಲ್ಲ, ಅರ್ಧ ಓಣಿ ಅವರ ಕೈಯಲ್ಲೇ ಗಣಿತ ಕಲಿತಿತ್ತು.

ಬಿಸಿಲೇರಿದಾಗ ಪಟ್ಟೆನೊಣ ಬಂದು ಅವರ ಅಂಗೈಯ ಬೆವರು ನೆಕ್ಕುತ್ತಿತ್ತು. ಆಗ ಅವರ ಮುಖ ಪೂಜೆಯ ಹೊತ್ತಿನಂತೆಯೇ ಇರುತ್ತಿತ್ತು. ನನ್ನ ಕೈ ಮೇಲೆ ಅದು ಒಮ್ಮೆಯೂ ಕೂರಲಿಲ್ಲ.

ಬರಬರುತ್ತ ಆ ಎಡಗೈಯೇ ನಡುಗತೊಡಗಿತು. ಇದು ನಿಲ್ಲುವುದಿಲ್ಲ, ಹೆಚ್ಚುತ್ತದೆ ಎಂದು ಜಮಖಂಡಿಯ ಡಾಕ್ಟರು ಹೇಳಿದರು. ಚಹಾ ಚೆಲ್ಲಿದ್ದಕ್ಕೆ ನೀಲಕ್ಕ ಟೀಚರು ಬೇಸರಪಡಲಿಲ್ಲ. ಹಿತ್ತಲಿಗೆ ಹೋಗುವುದನ್ನು ಮಾತ್ರ ಬಿಟ್ಟುಬಿಟ್ಟರು.

“ಪೂಜಿಗೆ ಇನ್ನೊಂದ ಕೈ ಆಸರ ಕೊಡತೈತ್ರಿ,” ಎಂದರು. “ನಡಗೋ ಕೈಗೆ ನೊಣ ಯಾಕ ಬರತೈತಿ?”

ಅಷ್ಟರಲ್ಲಿ ನನಗೆ ಬೀಳಗಿಗೆ ವರ್ಗವಾಯಿತು. ಹೊರಡುವ ದಿನ ಬೆಳಿಗ್ಗೆ ಹಟ ಮಾಡಿ ಅವರನ್ನು ಕಟ್ಟೆಗೆ ಕರೆತಂದು ಕೂರಿಸಿದೆ. ಒಲ್ಲದ ಮನಸ್ಸಿನಿಂದ ಕೈ ಚಾಚಿದರು.

ಬಹಳ ಹೊತ್ತಿನ ಮೇಲೆ ಪಟ್ಟೆನೊಣ ಬಂತು. ಅಂಗೈಯ ಮೇಲೆ ಗಾಳಿಯಲ್ಲಿ ನಿಂತಿತು. ಕೈ ಆಚೆ ಸರಿದರೆ ಅದೂ ಅಷ್ಟೇ ಆಚೆ, ಈಚೆ ಬಂದರೆ ಈಚೆ. ನೀಲಕ್ಕ ಟೀಚರು ರೆಪ್ಪೆ ಹೊಡೆಯಲಿಲ್ಲ.

“ನನ್ನ ಜೋಡಿ ಅದೂ ನಡಗಾಕತ್ತೈತಿ ನೋಡ್ರಿ,” ಎಂದು ಪಿಸುಗುಟ್ಟಿದರು.

ಆಮೇಲೆ ಅದು ಕೂತಿತು. ಕೈ ನಡುಗುತ್ತಲೇ ಇತ್ತು, ನೊಣ ಕೂತೇ ಇತ್ತು. ಅವರ ಕಣ್ಣು ತುಂಬಿ ಬಂದಿತ್ತು. ಆದರೂ ಟೀಚರು ಟೀಚರೇ, ರೆಕ್ಕೆ ಎಷ್ಟು ಎಂದು ನನ್ನನ್ನು ಕೇಳಿದರು. ಎರಡು ಎಂದೆ.

ಈ ಮಳೆಗಾಲದಲ್ಲಿ ಅವರು ತೀರಿಹೋದರು. ಬೀಳಗಿಯ ಮನೆಯ ಮುಂದೆ ನಾನೂ ಸಬ್ಬಸಿಗೆ ಹಾಕಿದ್ದೇನೆ, ಈಗ ಹೂ ಬಿಟ್ಟಿದೆ. ರವಿವಾರ ಅದರ ಮುಂದೆ ಅಂಗೈ ಚಾಚಿ ಕೂರುತ್ತೇನೆ. ಕೂತು ಕೂತು ಕೈ ನಡುಗುತ್ತದೆ. ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ.